ಬದುಕಿದವಳಿಗೆ ಕಾಲಂ ಇಲ್ಲವೇ?

ತಾಯಂದಿರ ಆರೋಗ್ಯದ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಾನು ಕಳ್ಳ. ಕಳೆದ ಸೋಮವಾರ ಕಾಪುವಿನ ಒಂದು ಆಸ್ಪತ್ರೆಯ ಮೇಜಿನಿಂದ ಸರಕಾರಿ ರಿಜಿಸ್ಟರೊಂದನ್ನು ಕದ್ದು, ಮಗಳ ನ್ಯಾಪಿ ಚೀಲದಲ್ಲಿ ಅಡಗಿಸಿ ತಂದೆನೆಂದು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಬಸುರಿ ಬಾಣಂತಿಯರಿಗೆ ಪ್ರಾಣಕ್ಕೇ ಬಂದ ತೊಡಕುಗಳನ್ನು ಬರೆದಿಡಲೆಂದು ತಾವೇ ದೀಪ ಹಚ್ಚಿ ಉದ್ಘಾಟಿಸಿದ ರಿಜಿಸ್ಟರ್ ಅದು. ಮುಖಪುಟದ ಮೇಲೆ ಚಹಾ ಗ್ಲಾಸಿನ ಉಂಗುರಗಳು, ಒಳಗೆಲ್ಲ ಬಿಳಿ. ಹದಿನಾಲ್ಕು ತಿಂಗಳಲ್ಲಿ ಒಂದೂ ದಾಖಲೆಯಿಲ್ಲ. ಅದೇ ಒಂದು ದಾಖಲೆ!

ಹಾಗಾದರೆ ಫೆಬ್ರವರಿಯಲ್ಲಿ ನನ್ನ ಹೆಂಡತಿ ಡೈನಾ ಅದೇ ಆಸ್ಪತ್ರೆಯ ಬೆಂಚಿನಿಂದ ಫಿಟ್ಸ್ ಬಂದು ಬಿದ್ದದ್ದು ಎಂತ, ನಾಟಕವೇ? ಎಂಟು ತಿಂಗಳ ಬಸುರಿ, ಚೀಟಿ ಹಿಡಿದು ನಲವತ್ತು ನಿಮಿಷ ಕೂತಿದ್ದಳು. ಬಿ.ಪಿ. ನೋಡುವ ಯಂತ್ರ ಕಪಾಟಿನಲ್ಲಿತ್ತು, ಕಪಾಟಿನ ಕೀಲಿಕೈ ರಜೆಯಲ್ಲಿತ್ತು. ಆಂಬುಲೆನ್ಸ್ ಮಣಿಪಾಲ ಮುಟ್ಟುವಷ್ಟರಲ್ಲಿ ಇನ್ನೆರಡು ಸಲ ಸೆಟೆದಳು. ಐದು ದಿನ ಐಸಿಯು. ತಾಯಿ ಮಗು ಇಬ್ಬರೂ ಉಳಿದದ್ದು ಅಲ್ಲಿನ ವೈದ್ಯರಿಂದ, ತಮ್ಮ ದೀಪದಿಂದಲ್ಲ.

ಆ ಸೋಮವಾರ ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ, ಮೇಜಿನ ಮೇಲಿದ್ದ ರಿಜಿಸ್ಟರ್ ತಿರುವಿ ಗುಮಾಸ್ತ ಜಿತೇಂದ್ರರನ್ನು ಕೇಳಿದೆ, "ಇದರಲ್ಲಿ ಡೈನಾಳ ಹೆಸರು ಯಾಕಿಲ್ಲ?"

"ಅವರು ಬದುಕಿದ್ದಾರಲ್ವಾ?"

"ಹೌದು."

"ಮತ್ತೆ ಎಂತ ಬರೆಯುವುದು ಮಾರಾಯ್ರೇ? ಸತ್ತರೆ ಮೇಲಿನಿಂದ ಕೇಳ್ತಾರೆ. ಬದುಕಿದವರನ್ನು ಕೇಳುವವರು ಯಾರುಂಟು?"

ಡೈನಾ ಮಗಳ ಬೆನ್ನು ತಟ್ಟುತ್ತ, "ಕ್ಷಮಿಸಿ, ಮುಂದಿನ ಸಲ ಸರಿಯಾಗಿ ಸಾಯ್ತೇನೆ" ಎಂದಳು.

ಜಿತೇಂದ್ರ ಚಹಾಕ್ಕೆ ಎದ್ದರು. ನಾನು ಕದ್ದೆ.

ಮೊದಲ ಪುಟ ನಾನೇ ತುಂಬಿಸಿದ್ದೇನೆ. ಚೀಟಿ ಕೊಟ್ಟ ಗಂಟೆ, ಕಪಾಟು, ಕೀಲಿಕೈ, ಒಂದನ್ನೂ ಬಿಟ್ಟಿಲ್ಲ. ಇನ್ನು ನನ್ನ ಬೇಡಿಕೆ. ಉಡುಪಿ, ಕಾಪು, ಕಾರ್ಕಳದ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಸಾವಿನ ಬಾಗಿಲಿನಿಂದ ಮರಳಿದ ಪ್ರತಿಯೊಬ್ಬಳ ವಿವರ ಅದೇ ದಿನ ದಾಖಲಾಗಬೇಕು. ತಿಂಗಳಿಗೊಮ್ಮೆ ತಾವು ಕಾಪುವಿನ ಆ ಬೆಂಚಿನಲ್ಲೇ ಕೂತು, ಆ ಹೆಂಗಸರ ಎದುರು, ಎಲ್ಲೆಲ್ಲಿ ತಡವಾಯಿತೆಂದು ಗಟ್ಟಿಯಾಗಿ ಓದಬೇಕು. ಓದುವ ಮೊದಲು ನಲವತ್ತು ನಿಮಿಷ ಚೀಟಿ ಹಿಡಿದು ಸುಮ್ಮನೆ ಕಾಯಬೇಕು. ಅಲ್ಲಿಯವರೆಗೆ ರಿಜಿಸ್ಟರ್ ಸಿಗದು.

ನಿನ್ನೆ ಆ ಪುಟವನ್ನು ಹೆಮ್ಮೆಯಿಂದ ಡೈನಾಳಿಗೆ ಓದಿ ಹೇಳಿದೆ. ಅವಳು ಒಂದು ಕಡೆ ಬೆರಳಿಟ್ಟಳು: "ಇದೊಂದು ಖಾಲಿ ಉಂಟಲ್ಲ?"

'ಮನೆಯಲ್ಲಿ ಆದ ವಿಳಂಬ' ಎಂಬ ಕಾಲಂ. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎಂದು ಅವಳು ಫಿಟ್ಸ್ ಬರುವ ಹಿಂದಿನ ದಿನವೇ ಮೂರು ಸಲ ಹೇಳಿದ್ದಳು. ನಾನು ಮುಲಾಮು ಹಚ್ಚಿ, "ಮೊಬೈಲು ನೋಡುವುದು ಸ್ವಲ್ಪ ಕಡಿಮೆ ಮಾಡು" ಎಂದಿದ್ದೆ.

ಆ ಕಾಲಂ ಅವಳೇ ತುಂಬಿಸಿದಳು: 'ಒಂದು ದಿನ. ಗಂಡ.'

ಇಂತಿ,
ಬೆಂಚಿನಲ್ಲಿ ತಮ್ಮ ಪಕ್ಕವೇ ಕೂರಬೇಕಾದ
ಫೌಸ್ಟಿನ್, ಕಾಪು