ನನ್ನ ಹತ್ತಿರ ಇರಬಾರದ ಕೀಲಿಕೈ

ಫೆಬ್ರವರಿ ಮೂವತ್ತು, ೨೩೧೪
ಜೋಡಿಗೀಲಿ ಕಟ್ಟೆ

ಹಿಂದಿನ ಕಾಲದ ಹಿರಿಯರಿಗೆ ಹುಲಿಗೆವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಶಾಲೆ ಐದನೇ ಇಯತ್ತೆಗೇ ನಿಂತಿತು. ಮಾತು ಓರೆಕೋರೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜೋಡಿಗೀಲಿ ಅಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಎರಡು ರಾಜ್ಯಗಳಿಗೆ ನೀರು ಹಂಚುವ ಪ್ರತಿ ಕಟ್ಟೆಯ ಬಾಗಿಲಿಗೂ ಈಗ ಎರಡು ಕೀಲಿ. ರಾಜ್ಯದ ಕೀಲಿಕೈ ನನ್ನ ಸೊಂಟದಲ್ಲಿರುತ್ತದೆ. ಕೇಂದ್ರದ್ದು ಗುಡ್ಡದ ಮೇಲಿನ ಕ್ವಾರ್ಟರ್ಸಿನಲ್ಲಿರುವ ತೊಂಬಾ ಸಿಂಗರ ಹತ್ತಿರ, ಮಣಿಪುರದವರು. ಎರಡೂ ತಿರುಗದೆ ಬಾಗಿಲು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಪೊಲೀಸು, ಸಂತೆ, ಹೊಲದ ಪಹಣಿ ರಾಜ್ಯದ ಕೆಲಸ. ಸೈನ್ಯ, ರೈಲು, ನೋಟು ಕೇಂದ್ರದ ಕೆಲಸ. ಇಂಥ ಹೊಳೆಗೆ ಮಾತ್ರ ಇಬ್ಬರೂ ಬೇಕು. ಜಗಳ ಬಿದ್ದರೆ ಕೋರ್ಟು. ಯಾರು ಎಲ್ಲಿಯವರೆಗೆ ಎಂದು ಸಂವಿಧಾನ ಗೆರೆ ಎಳೆದಿದೆ, ಅದನ್ನು ಒಬ್ಬರೇ ಅಳಿಸುವಂತಿಲ್ಲ. ನಾನು ತಿಳಿದುಕೊಂಡದ್ದು ಇಷ್ಟೇ.

ನಿನ್ನೆ ತೊಂಬಾ ಸಿಂಗರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಬೆವತುಹೋಗಿದ್ದರು.

"ಅಕ್ಕಾ, ಈ ಮೊಣಕಾಲು ಕೇಂದ್ರದ ಮಾತೂ ಕೇಳಲ್ಲ, ರಾಜ್ಯದ ಮಾತೂ ಕೇಳಲ್ಲ. ನನ್ನ ಕೀಲಿಕೈನೂ ನಿಮ್ಮ ಹತ್ರಾನೇ ಇರ್ಲಿ."

"ಬ್ಯಾಡ್ರೀ ಸಾಹೇಬ್ರ, ನನಗ ಅಂಜಿಕಿ ಬರ್ತದ."

"ನೀವೇನು ಕಳ್ಳರಾ? ನನಗೆ ಅಷ್ಟು ಖಾರದ ಚಟ್ನಿ ತಿನ್ನಿಸುವಾಗ ಅಂಜಿಕೆ ಬರಲಿಲ್ಲ!" ಎಂದು ನಕ್ಕು, ಮೇಜಿನ ಮೇಲಿಟ್ಟು ಹೋದರು.

ಆಮೇಲೆ ಅದನ್ನೇ ಚಹಾದಂಗಡಿಯಲ್ಲಿ ಹೇಳಿಕೊಂಡಿದ್ದಾರೆ. ಬೆಳಿಗ್ಗೆ ನಮ್ಮ ರಾಜಧಾನಿಯಿಂದ ಮೇಲಧಿಕಾರಿಯ ಫೋನು ಬಂತು.

"ಹುಲಿಗೆವ್ವಾ, ಎಲೆಕ್ಷನ್ ಮುಗಿಯೂತನಾ ಬಾಗಲಾ ಇಳಿಸಿಬಿಡು, ಕೆಳಗ ನೀರು ಹೋಗೂದು ಬ್ಯಾಡ. ಸಂಜಿಗೆ ನಮ್ಮ ಮಂದಿ ಬರ್ತಾರ. ಎರಡೂ ನಿನ್ನ ಕೈಯಾಗ ಅದಾವಲ್ಲ, ಇನ್ನ ಯಾರನ್ನ ಕೇಳೂದದ?"

ಯಾರನ್ನೂ ಕೇಳಬೇಕಿಲ್ಲ ಎನ್ನುವುದೇ ನನ್ನ ಭಯ. ಕೆಳಗಿನ ರಾಜ್ಯದಲ್ಲಿ, ಇದೇ ಹೊಳೆಯ ದಂಡೆಗೆ, ನನ್ನ ಮಗಳು ಅಂಬವ್ವ ಬಾಣಂತಿ. ಆ ಊರಿಗೆ ಬೇರೆ ನೀರಿಲ್ಲ. ಅವಳ ವೋಟು ಅಲ್ಲಿ, ಇಲ್ಲಿನವರಿಗೆ ಅವಳು ಯಾರೂ ಅಲ್ಲ. ಅವಳ ಪರವಾಗಿ ಇಲ್ಲಿ ಬೇಡ ಎನ್ನಬಹುದಾದದ್ದು ಆ ಇನ್ನೊಂದು ಕೀಲಿ ಮಾತ್ರ. ನಾನು ಒಲ್ಲೆ ಎಂದರೆ ಹೂಂ ಎನ್ನುವವರನ್ನು ತಂದು ಕೂರಿಸುತ್ತಾರೆ. ಎರಡೂ ಅವರ ಪಾಲಾಗುತ್ತವೆ. ಹಾಗಂತ ಎರಡನ್ನೂ ಕೇಂದ್ರಕ್ಕೇ ಕೊಟ್ಟರೆ? ಯಾವಾಗಲೋ ಒಮ್ಮೆ ಬಾಗಿಲು ಎತ್ತಿ ನಮ್ಮ ಹೊಲ ಒಣಗಿಸಿದರೆ ಯಾರನ್ನು ಕೇಳುವುದು?

ಒಂದು ಕೆಲಸಕ್ಕೆ ಇಬ್ಬರ ಒಪ್ಪಿಗೆ ಯಾಕೆ ಎಂದು ನಿಮಗೂ ಬೇಜಾರು ಬರುತ್ತಿರಬಹುದು. ಕೈಮುಗಿದು ಕೇಳುತ್ತೇನೆ, ಆ ಬೇಜಾರನ್ನು ತಾಳಿಕೊಳ್ಳಿ. ಎಷ್ಟೇ ಒಳ್ಳೆಯವರಿರಲಿ, ಒಬ್ಬರಿಗೇ ಎರಡೂ ಕೊಡಬೇಡಿ. ನನ್ನಂಥವಳಿಗೂ ಬೇಡ.

ಬಿಸಿಲು ಇಳಿಯಿತು. ಸೇತುವೆಯ ಮೇಲೆ ಜೀಪು ಕಾಣಿಸುತ್ತಿದೆ. ಸಾಹೇಬರ ಕೀಲಿಕೈಯನ್ನೂ ಅವರ ಮೊಣಕಾಲಿಗೆ ಎಣ್ಣೆಯ ಸೀಸೆಯನ್ನೂ ಸೆರಗಿಗೆ ಕಟ್ಟಿಕೊಂಡು ಗುಡ್ಡ ಹತ್ತಲು ಹೊರಟೆ. ಅವರು ಮಲಗಿರದಿದ್ದರೆ ಸಾಕು.