ತಲೆ ತಗ್ಗಿದ ಪಿಸ್ಟನ್ನುಗಳು

ಕೊಆಮೊ, ಪೋರ್ತೊ ರಿಕೊ
ಮಂಗಳವಾರ, 15 ಫೆಬ್ರವರಿ 1994

ನನ್ನ ಬೆರ್ತೊ,

ದೇವರು ನಿನ್ನನ್ನು ಕಾಯಲಿ. ಮನೆಯೊಳಗೆ ಕಾಲಿಟ್ಟ ಕೂಡಲೇ ಈ ಅತ್ತಿಗೆಯ ಆಶೀರ್ವಾದ ಕೇಳುವುದು ನಿನ್ನ ಅಭ್ಯಾಸ. ಈಗ ನೀನು ಕಾಲಿಡುತ್ತಿಲ್ಲವಾದ್ದರಿಂದ ಕೇಳದೆಯೇ ಕೊಟ್ಟಿದ್ದೇನೆ. ಆರೋಗ್ಯ ಹೇಗಿದೆ? ಬಲಭುಜದ ನೋವು ಕಡಿಮೆಯಾಯಿತೇ? ಸಾಂತಾ ಕ್ರೂಸ್ ದ್ವೀಪದ ಆ ಎಣ್ಣೆ ಕಾರ್ಖಾನೆಯಲ್ಲಿ ಹೊಗೆ ಬಹಳವಂತೆ, ಗ್ಯಾರೇಜಿನ ಚಾಗೋ ಹೇಳಿದ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡು. ಸೆಕೆ ಎಂದು ಬಿಚ್ಚಬೇಡ. ಉಸಿರಿನ ವಿಷಯದಲ್ಲಿ ನನಗೆ ಈಗ ತಮಾಷೆ ಹಿಡಿಸುವುದಿಲ್ಲ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಬೆರಳುಗಳು ಮಡಚುವುದಿಲ್ಲ, ಕಾಫಿ ಲೋಟ ಹಿಡಿದ ಮೇಲೆ ಸಡಿಲವಾಗುತ್ತವೆ. ಬೆಕ್ಕು ಮತ್ತೆ ಮರಿ ಹಾಕಿದೆ, ನೀನು ಬಿಟ್ಟುಹೋದ ಕೆಲಸದ ಪ್ಯಾಂಟಿನ ಮೇಲೆಯೇ. ಎಬ್ಬಿಸಲು ಮನಸ್ಸು ಬರಲಿಲ್ಲ. ನಾಳೆ ಬೂದಿ ಬುಧವಾರ, ಮಾಂಸವಿಲ್ಲ, ಉಪ್ಪುಮೀನು ನೆನೆಹಾಕಿ ಈ ಕಾಗದಕ್ಕೆ ಕೂತಿದ್ದೇನೆ. ನಿನ್ನ ವಸತಿಯ ಫೋನಿಗೆ ಮಾಡಿದರೆ ಯಾರೋ ಇಂಗ್ಲಿಷಿನಲ್ಲಿ ಇಲ್ಲ ಎಂದು ಇಟ್ಟುಬಿಡುತ್ತಾರೆ. ಕಾಗದವಾದರೆ ಇಟ್ಟುಬಿಟ್ಟರೂ ಅಲ್ಲೇ ಬಿದ್ದಿರುತ್ತದೆ.

ನಿನ್ನೆ ಶೆಡ್ಡು ಗುಡಿಸುವಾಗ ಆ ಪಿಸ್ಟನ್ನುಗಳು ಬಂದಿದ್ದ ರಟ್ಟಿನ ಡಬ್ಬಿ ಸಿಕ್ಕಿತು. ಖಾಲಿ ಡಬ್ಬಿ. ಜುಲೈನಲ್ಲಿ ನೀನು ಅದನ್ನು ಚಾಕುವಿನಿಂದ ಕೊಯ್ದು ತೆರೆದದ್ದು, ಒಂದನ್ನು ಎತ್ತಿ ಬೆಳಕಿಗೆ ಹಿಡಿದದ್ದು, ನಿನ್ನ ಮುಖ ಇಳಿದುಹೋದದ್ದು, ಎಲ್ಲ ಕಣ್ಣ ಮುಂದೆ ಬಂತು. ಯಾವಾಗಲೂ ನಮ್ಮ ಓಟದ ಕಾರಿನ ಪಿಸ್ಟನ್ನಿನ ತಲೆ ಗುಡ್ಡದ ಹಾಗೆ ಉಬ್ಬಿರುತ್ತಿತ್ತು. ಗಾಳಿಯನ್ನು ಹಿಂಡಿ ಹಿಂಡಿ ಉರಿಸುವುದಕ್ಕೆ ಆ ಉಬ್ಬು ಬೇಕು ಎಂದು ನಿನ್ನಣ್ಣನೇ ನಿನಗೆ ಹೇಳಿಕೊಟ್ಟಿದ್ದ. ಟರ್ಬೊ ಇಲ್ಲ, ಗ್ಯಾಸಿನ ಬಾಟ್ಲಿ ಇಲ್ಲ, ಎಂಜಿನ್ ತಾನಾಗಿ ಎಳೆದುಕೊಂಡ ಉಸಿರೇ ಅದರ ಬಲ; ಓಟದಲ್ಲಿ ಉಸಿರಿನವರ ಸಾಲೇ ಬೇರೆ, ಗ್ಯಾಸು ತುಂಬುವ ಬಾಟ್ಲಿಯವರ ಸಾಲೇ ಬೇರೆ. ಹಾಗಿದ್ದ ಮೇಲೆ ಒಂದು ಗುಟುಕನ್ನೂ ಪೋಲು ಮಾಡಬಾರದು ಎನ್ನುತ್ತಿದ್ದ. ಅಂಥವನು ತರಿಸಿದ್ದು ತಲೆ ತಗ್ಗಿದ ಪಿಸ್ಟನ್ನುಗಳು. ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದ ಕ್ಯಾಮ್ ಶಾಫ್ಟು. ಅದರ ಉಬ್ಬುಗಳೂ ಮೊದಲಿನದಕ್ಕಿಂತ ಸಣ್ಣವು, ವಾಲ್ವುಗಳನ್ನು ಮೊದಲಿನಷ್ಟು ಎತ್ತದಂಥವು. ಸ್ಪ್ರಿಂಗುಗಳೂ ಮೆತ್ತಗೆ. ಕಾರ್ಬುರೇಟರಿನ ಬಾಯಿ ಕಿರಿದು.

ನೀನು ಮೊದಲು ನಗುತ್ತಲೇ ಕೇಳಿದೆ. "ಏನಣ್ಣಾ ಇದು, ಪಾದ್ರಿಗಳ ಕಾರಿಗಾ?" ಅವನು ಕೈ ಒರೆಸಿಕೊಳ್ಳುತ್ತ, "ನಮ್ಮ ಕಾರಿಗೇ" ಎಂದ. "ಇದನ್ನ ಹಾಕ್ಕೊಂಡು ಸಾಲಿನಾಸ್ ಓಟಕ್ಕೆ ಹೋದ್ರೆ ಐಸ್ ಮಾರೋನ ಗಾಡಿನೂ ನನ್ನನ್ನ ಹಿಂದೆ ಹಾಕುತ್ತೆ." ಅದಕ್ಕೂ ಅವನು, "ಓಡ್ಸೋದು ನಿನ್ನ ಕೆಲಸ, ಭಾಗ ಆರ್ಸೋದು ನಂದು" ಎಂದಷ್ಟೇ ಹೇಳಿದ. ಆಗ ನಿನಗೆ ಸಿಟ್ಟು ಬಂತು. "ನನ್ನ ಕಾಲಿನ ಮೇಲೆ ನಂಬಿಕೆ ಹೋಯ್ತು ಅಂತ ನೇರವಾಗಿ ಹೇಳಣ್ಣಾ, ಡಬ್ಬಿ ತರ್ಸಿ ಹೇಳ್ಬೇಡ." ಅವನು ಕೆಮ್ಮಿದ. ಕೆಮ್ಮು ನಿಲ್ಲುವ ಮೊದಲೇ ನೀನು ಆ ಮಾತು ಆಡಿದೆ. "ನಿನಗೆ ಉಸಿರು ಸಾಲ್ತಿಲ್ಲ ಅಂತ ಎಂಜಿನ್ನಿನ ಕತ್ತೂ ಹಿಸುಕ್ತಿದ್ದೀಯಾ?" ಮುಂದಿನ ವಾರ ನೀನು ಸಾಂತಾ ಕ್ರೂಸಿನ ವಿಮಾನ ಹತ್ತಿದೆ. ಬೇರೆಯವರ ಮನೆಗಳಲ್ಲಿ ಅಣ್ಣತಮ್ಮಂದಿರು ಜಾಗಕ್ಕೆ ಜಗಳವಾಡುತ್ತಾರೆ, ಹೆಣ್ಣಿಗೆ ಜಗಳವಾಡುತ್ತಾರೆ. ನಮ್ಮ ಮನೆಯಲ್ಲಿ ಬೆರಳಿನ ಗೆಣ್ಣಿನಷ್ಟು ಅಲ್ಯೂಮಿನಿಯಮ್ಮಿಗೆ ಆಡಿದರು.

ಬೆರ್ತೊ, ಆ ದಿನ ನನಗೂ ಏನೂ ಗೊತ್ತಿರಲಿಲ್ಲ. ಇದನ್ನು ನೀನು ನಂಬಬೇಕು. ಅದಕ್ಕೆ ಮೊದಲೇ ಗ್ಯಾಸ್ಕೆಟ್ ತರುತ್ತೇನೆಂದು ಪೋನ್ಸೆ ಪೇಟೆಗೆ ಹೋದ ನಿನ್ನಣ್ಣ ಅಲ್ಲಿ ಡಾಕ್ಟರನ್ನು ಕಂಡು ಬಂದಿದ್ದ. ಶ್ವಾಸಕೋಶ ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತಿದೆ, ಮದ್ದಿಲ್ಲ ಎಂದು ಅವರು ಹೇಳಿದ್ದರಂತೆ. ಗ್ಯಾಸ್ಕೆಟನ್ನೂ ಮರೆಯದೆ ತಂದಿದ್ದ. ಸೆಪ್ಟೆಂಬರಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕುಸಿದು ಕೂತಾಗಲೇ ನನಗೆ ತಿಳಿದದ್ದು. ಆಮೇಲೆ ಎಷ್ಟೋ ದಿನ ಯೋಚಿಸಿದೆ. ಜೀವಮಾನವಿಡೀ ಗುಡ್ಡದಂಥ ಪಿಸ್ಟನ್ ಬಿಟ್ಟು ಬೇರೆ ಮುಟ್ಟದ ಮನುಷ್ಯ ಹೀಗೆ ಬಾಳಿಕೆಯ ಭಾಗಗಳನ್ನು ತರಿಸುತ್ತಾನೆಂದರೆ ಅವನಿಗೇನೋ ಆಗಿದೆ ಎಂದು ನಮಗೆ ಹೊಳೆಯಬೇಕಿತ್ತು. ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಹೊಟ್ಟೆಯ ಸಂಗತಿ ಹೇಳುವವನು ನೀನು. ಡಾಕ್ಟರ ಮಾತು ನಮ್ಮ ಕಿವಿಗೆ ಬೀಳುವ ಮೊದಲೇ ಆ ಡಬ್ಬಿ ಹೇಳಿತ್ತು. ಅದು ನಿನ್ನ ಬಗ್ಗೆ ಆಡಿದ ಮಾತು ಎಂದು ನೀನು ತಿಳಿದೆ. ವಯಸ್ಸಾಯಿತು, ಹೆದರುತ್ತಿದ್ದಾನೆ ಎಂದು ನಾನು ತಿಳಿದೆ.

ಮನೆಗೆ ಆಮ್ಲಜನಕದ ಬಾಟ್ಲಿ ಬಂದ ದಿನ ನೀನಿರಬೇಕಿತ್ತು. ಅಳುವುದಕ್ಕಲ್ಲ, ನಗುವುದಕ್ಕೆ. ಮೂಗಿಗೆ ನಳಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಚಾಗೋ ಬಂದವನೇ ಸೊಂಟದ ಮೇಲೆ ಕೈಯಿಟ್ಟು, "ಏನ್ ಅನ್ಸೆಲ್ಮೊ, ಕೊನೆಗೂ ಬಾಟ್ಲಿ ಹಾಕಿಸ್ಕೊಂಡ್ಯಾ? ಹಾಗಾದ್ರೆ ಇನ್ಮೇಲೆ ಉಸಿರಿನವರ ಸಾಲಲ್ಲಿ ನಿಲ್ಲಂಗಿಲ್ಲ ನೀನು, ಆ ಕಡೆ ಬಾಟ್ಲಿಯವರ ಹತ್ರ ಹೋಗು!" ಎಂದ. ನನಗೆ ಚಾಗೋನ ತಲೆಗೆ ಸ್ಪಾನರ್ ಎಸೆಯಬೇಕೆನಿಸಿತು. ನಿನ್ನಣ್ಣ ನಕ್ಕ. ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ಕಣ್ಣು ಒರೆಸಿಕೊಂಡು, "ಸುಮ್ನಿರೋ, ಓಟ ನಡೆಸೋರಿಗೆ ಹೇಳ್ಬೇಡ, ನನ್ನ ಹಳೇ ಗೆಲುವುಗಳನ್ನೂ ಅಳಿಸಿಬಿಟ್ಟಾರು" ಎಂದ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದ. ಪಾದ್ರಿಗಳಿಗೂ ಹೇಳಿದ. ಅವರಿಗೆ ಅರ್ಥವಾಗಲಿಲ್ಲ.

ನಿನಗೆ ಹೇಳಿ ಕಳಿಸುತ್ತೇನೆಂದು ಎಷ್ಟು ಸಲ ಕೇಳಿದೆನೋ, ಅವನದು ಒಂದೇ ಉತ್ತರ. "ಈಗ ಕರೆದ್ರೆ ಕನಿಕರಕ್ಕೆ ಬರ್ತಾನೆ. ಬಂದು ಎಲ್ಲದಕ್ಕೂ ಹೂಂ ಅಂತಾನೆ. ಅಂಥ ಹೂಂ ನಂಗೆ ಬೇಡ. ಕ್ರಿಸ್‌ಮಸ್‌ಗೆ ಬಂದೇ ಬರ್ತಾನೆ, ಆಗ ಎಂಜಿನ್ನೇ ಅವನಿಗೆ ಹೇಳ್ಲಿ." ನೀನೂ ಹಟಮಾರಿ, ಅವನೂ ಹಟಮಾರಿ. ನಿಮ್ಮಮ್ಮ ಸತ್ತ ಮೇಲೆ ಪುಟ್ಟವನಾಗಿದ್ದ ನಿನ್ನನ್ನು ಈ ಮನೆಗೆ ಕರೆದು ತಂದಾಗ ನೀನು ಮೂರು ದಿನ ಊಟ ಬಿಟ್ಟಿದ್ದೆ. ಅವನೂ ನಿನ್ನ ಜೊತೆ ಬಿಟ್ಟಿದ್ದ. ನಾನು ಮಧ್ಯದಲ್ಲಿ ಅನ್ನದ ಪಾತ್ರೆ ಹಿಡಿದು ನಿಂತಿದ್ದೆ. ಈ ಸಲವೂ ಹಾಗೆಯೇ ಆಯಿತು.

ಎಂಜಿನ್ ಜೋಡಿಸಿದ್ದು ನನ್ನ ಕೈಗಳು. ಅವನು ಕುರ್ಚಿಯಿಂದ ಬೆರಳು ತೋರಿಸುತ್ತಿದ್ದ. ಬೋಲ್ಟು ಬಿಗಿ ಮಾಡುವಾಗ ನನಗೆ ದಮ್ಮು ಕಟ್ಟಿದರೆ, "ತಗೋ, ನನ್ನ ಬಾಟ್ಲಿಯಿಂದ ಒಂದು ಗುಟುಕು ಎಳ್ಕೋ" ಎನ್ನುತ್ತಿದ್ದ. ಒಂದು ಮಧ್ಯಾಹ್ನ ಆ ತಗ್ಗು ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನಾನೇ ಕೇಳಿಬಿಟ್ಟೆ. ಇದನ್ನೇ ಯಾಕೆ ಆರಿಸಿದೆ, ಹುಡುಗನಿಗೆ ಅವಮಾನವಾಯಿತು, ಕ್ಯಾಮನ್ನಾದರೂ ಅವನಿಗೆ ಬೇಕಾದ್ದು ಹಾಕೋಣ ಎಂದೆ. ಅವನು ಹೇಳಿದ್ದನ್ನು ಹಾಗೆ ಹಾಗೆಯೇ ಬರೆಯುತ್ತೇನೆ. "ಹಂಗೆ ಒಂದನ್ನ ಮಾತ್ರ ಬದಲಾಯ್ಸೋಕೆ ಬರಲ್ಲ ನಿಲ್ಸಾ. ಪಿಸ್ಟನ್ ತಗ್ಗಿಸಿ ದೊಡ್ಡ ಕ್ಯಾಮ್ ಹಾಕಿದ್ರೆ ಹೊರಡೋವಾಗ ಸತ್ತಂಗಿರುತ್ತೆ. ಪಿಸ್ಟನ್ ಎತ್ತರ ಇಟ್ಟು ಸಣ್ಣ ಕ್ಯಾಮ್ ಹಾಕಿದ್ರೆ ಬೆಂಕಿ ಒಳಗೊಳಗೇ ಬಡಿದು ಪಿಸ್ಟನ್ನನ್ನೇ ತಿನ್ನುತ್ತೆ. ಒಂದೇ ಮನೇಲಿ ಬಾಳೋರ ಥರ, ಒಬ್ಬ ದನಿ ತಗ್ಗಿಸಿದ್ರೆ ಎಲ್ರೂ ತಗ್ಗಿಸ್ಬೇಕು." ಉಸಿರು ತೆಗೆದುಕೊಂಡು ಮತ್ತೆ ಹೇಳಿದ. "ಇಷ್ಟು ವರ್ಷ ನಾನು ಗಾಜಿನ ಎಂಜಿನ್ ಕಟ್ಟಿದೆ. ಎರಡು ಓಟಕ್ಕೊಮ್ಮೆ ಬಿಚ್ಚಬೇಕು, ಸ್ಪ್ರಿಂಗ್ ಬದಲಾಯಿಸ್ಬೇಕು. ಬಿಚ್ಚೋಕೆ ನಾನಿದ್ದೆ, ಕಟ್ಟಿದೆ. ಬೆರ್ತೊಗೆ ಓಡ್ಸೋದು ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಕೇಳಿಸ್ಕೊಳ್ಳೋದು ಗೊತ್ತಿಲ್ಲ. ಎಂಜಿನ್ ನೋವು ಅಂದಾಗ ಅವನಿಗೆ ಕೇಳ್ಸಲ್ಲ, ಇನ್ನೂ ತುಳೀತಾನೆ. ಅದನ್ನ ಕಲಿಯೋಕೆ ಅವನಿಗೆ ಟೈಮ್ ಬೇಕು. ಅಲ್ಲೀವರೆಗೂ ಇದು ಜೀವ ಹಿಡ್ಕೊಂಡಿರ್ಬೇಕು. ಕನೆಕ್ಟಿಂಗ್ ರಾಡ್ ಮುರಿದು ಅವನ ಕಾಲಿನ ಹತ್ರ ಬರಬಾರದು."

ಇದನ್ನು ನಿನಗೆ ಆಗಲೇ ಹೇಳಬೇಕಿತ್ತು ಅವನು. ಜುಲೈನಲ್ಲಿ, ಕೈ ಒರೆಸಿಕೊಳ್ಳುತ್ತ ನಿಂತಿದ್ದಾಗಲೇ. ಅಷ್ಟು ಮಾತಿಗೆ ಆಗ ಅವನಲ್ಲಿ ಉಸಿರಿತ್ತು.

ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ನೋಡಲು ಜೇಡಿಮಣ್ಣು ಮೆತ್ತಿ ತಿರುಗಿಸುತ್ತೀರಲ್ಲ, ಅದನ್ನೂ ಮಾಡಿದೆ. ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ಪಾಸ್ತೆಲೆಸ್‌ನ ಹಿಟ್ಟು ಹದ ಮಾಡಿದ ಕೈ, ಜೇಡಿ ಸಮ ಮಾಡುವುದು ಕಷ್ಟವಾಗಲಿಲ್ಲ. ಕೈಯಿಂದಲೇ ಕ್ರ್ಯಾಂಕ್ ತಿರುಗಿಸಿ, ಹೆಡ್ ಎತ್ತಿ, ಜೇಡಿಯನ್ನು ಚಾಕುವಿನಿಂದ ಕೊಯ್ದು ಅವನ ಮುಂದೆ ಹಿಡಿದೆ. ವಾಲ್ವಿನ ಗುರುತು ಮೇಲೆ ಮೇಲೆ ಮಾತ್ರ ಬಿದ್ದಿತ್ತು, ಕೆಳಗೆ ಜೇಡಿ ದಪ್ಪಗೆ ಉಳಿದಿತ್ತು. ಮೊದಲೆಲ್ಲ ಕಾಗದದಷ್ಟೇ ಉಳಿಯುತ್ತಿತ್ತು ಎಂದು ನನಗೂ ನೆನಪಿದೆ. ಅವನು ಅದನ್ನು ಬಹಳ ಹೊತ್ತು ನೋಡಿ, "ಧಾರಾಳ ಜಾಗ ಇದೆ, ಅವನು ಒಂದೆರಡು ತಪ್ಪು ಮಾಡಿದ್ರೂ ನಡೆಯುತ್ತೆ" ಎಂದ. ಅದಾದ ಮೇಲೆ ಶೆಡ್ಡಿಗೆ ಬರಲಾಗಲಿಲ್ಲ. ನವೆಂಬರ್ ಮುಗಿಯುವ ಮೊದಲೇ ಹೋದ. ಕಾರ್ಬುರೇಟರು ಇನ್ನೂ ಕೂರಿಸಿರಲಿಲ್ಲ. ತಾನು ಆರಿಸಿದ ಎಂಜಿನ್ನಿನ ಸದ್ದನ್ನು ಅವನು ಕೇಳಲೇ ಇಲ್ಲ. ನಿನ್ನ ಕೈಯೂ ಜೊತೆಗಿದ್ದಿದ್ದರೆ ಸೆಪ್ಟೆಂಬರಿಗೇ ಮುಗಿಯುತ್ತಿತ್ತು ಎಂದು ಬರೆದು ಹೊಡೆದುಹಾಕಿದ್ದೆ. ಮತ್ತೆ ಬರೆದಿದ್ದೇನೆ. ದುಃಖಕ್ಕೆ ಬರೆದದ್ದು, ದೂರುವುದಕ್ಕಲ್ಲ.

ಮಣ್ಣಿಗಿಟ್ಟ ದಿನ ನೀನು ಹಿಂದೆ ನಿಂತಿದ್ದೆ. ನನ್ನ ಹತ್ತಿರ ಬಂದು, "ನನ್ನ ಬಾಯಿಗೆ ಹುಳ ಬೀಳ್ಲಿ ಅತ್ತಿಗೆ, ಅಂಥ ಮಾತು ಆಡ್ದೆ" ಎಂದೆ. ನಾನು ನಿನ್ನ ಕೈ ಹಿಡಿಯುವಷ್ಟರಲ್ಲಿ ನೀನು ಹೊರಟೇಹೋದೆ. ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆಗೂ ನಿಲ್ಲಲಿಲ್ಲ. ದಿನಾ ಸಂಜೆ ಬಾಗಿಲ ಕಡೆ ನೋಡುತ್ತ ಕೂತಿದ್ದೆ, ಜನ ನನ್ನ ಭಕ್ತಿ ಕಡಿಮೆಯೆಂದು ತಿಳಿದಿರಬೇಕು. ಅಂದು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ನಿನ್ನ ಮಾತು ಅವನಿಗೆ ನೋವು ಮಾಡಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮಾತನ್ನೂ ಅವನು ಒಮ್ಮೆ ನನಗೆ ತಾನಾಗಿ ಹೇಳಿದ. "ಹುಡುಗ ಸರಿಯಾಗೇ ಹೇಳ್ದ. ಉಸಿರು ಸಾಲ್ದೇ ಇರೋನು ನಾನೇ. ಅವನಿಗೆ ಗೊತ್ತಿಲ್ದೇನೇ ಗುರಿ ಬಿತ್ತು." ಹಾಗೆ ಹೇಳುವಾಗ ಮುಖದಲ್ಲಿ ಸಿಟ್ಟಿರಲಿಲ್ಲ.

ಜನವರಿಯ ಮೂವರು ರಾಜರ ಹಬ್ಬ ಕಳೆದ ಮೇಲೆ ಚಾಗೋ ಬಂದು ಕಾರ್ಬುರೇಟರು ಕೂರಿಸಿಕೊಟ್ಟ. ಎಂಜಿನ್ ಶುರು ಮಾಡಿದೆವು. ಒಂದೇ ಸಲಕ್ಕೆ ಹತ್ತಿತು. ಹಿಂದೆಲ್ಲ ಹೇಗಿರುತ್ತಿತ್ತು, ನಿಂತಲ್ಲೇ ಕುಂಟಿ, ಸೀನಿ, ಸಾಯುತ್ತೇನೆ ಸಾಯುತ್ತೇನೆ ಎಂದು ಹೆದರಿಸಿ, ಬೀದಿಯ ನಾಯಿಗಳೆಲ್ಲ ಬೊಗಳುವ ಹಾಗೆ! ಇದು ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡಿತು. ಚಾಗೋ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಯ್ಯೋ ನಿಲ್ಸಾ, ಇದು ಹಾಲಿನವನ ಗಾಡಿ! ಇದನ್ನ ಸಾಲಲ್ಲಿ ನಿಲ್ಸಿದ್ರೆ ಜನ ಬಂದು ಎರಡು ಲೀಟರ್ ಕೊಡು ಅಂತಾರೆ!" ನಾನು ನಗಲಿಲ್ಲ. ಅವನೂ ಆಮೇಲೆ ನಗಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟ. "ಇಪ್ಪತ್ತು ವರ್ಷ ಇವನ ಎಂಜಿನ್ ಕೇಳಿದೀನಿ, ಒಂದೂ ಇಷ್ಟು ಸಮಾಧಾನವಾಗಿರ್ಲಿಲ್ಲ" ಎಂದು ಮನೆಗೆ ಹೋದ. ಬೇಕಾದರೆ ಟರ್ಬೊ ಕೂರಿಸಿಕೊಡುತ್ತೇನೆ, ಇದೇ ಎಂಜಿನ್ ಹುಲಿಯಾಗುತ್ತದೆ ಎಂದು ಮಾರನೆಯ ದಿನ ಹೇಳಿ ಕಳಿಸಿದ್ದ. ಬೇಡವೆಂದೆ.

ಇಷ್ಟೇ ಇಲ್ಲಿನ ಸುದ್ದಿ. ಹೊಟ್ಟೆ ತುಂಬ ಊಟ ಮಾಡು, ಡಬ್ಬಿಯ ಮಾಂಸ ಮಾತ್ರ ತಿಂದುಕೊಂಡಿರಬೇಡ. ಚಾಗೋ ನಿನ್ನನ್ನು ಕೇಳಿದ, ಪಾದ್ರಿಗಳು ಕೇಳಿದರು. ಬೆಕ್ಕು ಕೇಳಲಿಲ್ಲ, ಅದಕ್ಕೆ ನಿನ್ನ ಪ್ಯಾಂಟು ಸಾಕಾಗಿದೆ. ಕನ್ಯಾಮಾತೆ ನಿನ್ನ ದಾರಿಯಲ್ಲಿ ಮುಂದೆ ನಡೆಯಲಿ.

ನಿನ್ನ ಅತ್ತಿಗೆ,
ನಿಲ್ಸಾ

ಇನ್ನೊಂದು ಮಾತು, ಅಂಚೆಯವನ ಗಾಡಿ ತಿರುವಿನಲ್ಲಿ ಕಾಣುತ್ತಿದೆ. 27ನೇ ತಾರೀಕು ಭಾನುವಾರ ಸಾಲಿನಾಸ್‌ನಲ್ಲಿ ಓಟವಿದೆ. ಉಸಿರಿನವರ ಸಾಲಿನಲ್ಲಿ ನಮ್ಮ ಕಾರಿನ ಹೆಸರು ಕೊಟ್ಟು ಬಂದಿದ್ದೇನೆ, ಓಡಿಸುವವನು ನೀನೆಂದು ಹೇಳಿದ್ದೇನೆ. ಬೇರೆ ಯಾರನ್ನೂ ಕೂರಿಸುವುದಿಲ್ಲ. ನೀನು ಬರದಿದ್ದರೆ ಕಾರು ಶೆಡ್ಡಿನಲ್ಲೇ ಇರುತ್ತದೆ. ನಿನಗೆ ಸುಳ್ಳು ಆಸೆ ತೋರಿಸುವುದಿಲ್ಲ ಬೆರ್ತೊ, ಈ ಎಂಜಿನ್ ಗೆಲ್ಲುವುದಿಲ್ಲ. ಮೊದಲ ಓಟದಲ್ಲೇ ಪಕ್ಕದವನು ನಿನ್ನನ್ನು ಬಿಟ್ಟು ಹೋಗುತ್ತಾನೆ, ಬೇಲಿಯ ಮೇಲೆ ಕೂತವರೆಲ್ಲ ಹಾಲು ಹಾಲು ಎಂದು ಕೂಗುತ್ತಾರೆ, ಕೂಗಲು ಕಲಿಸುವವನು ಚಾಗೋನೇ. ಆದರೂ ಬಾ. ಬಂದು ಸೋಲು. ಕಾರುಗಳು ತಿರುಗಿ ಬರುವ ದಾರಿಯಲ್ಲಿ ನಾನು ನಿಂತಿರುತ್ತೇನೆ, ಇಬ್ಬರೂ ಬಾನೆಟ್ ಎತ್ತಿ ನೋಡೋಣ. ಒಳಗೆ ಏನೂ ಮುರಿದಿರುವುದಿಲ್ಲ.