ಉಳಿದ ಹೂರಣ

ಪಾಂಡವಪುರ
9 ಏಪ್ರಿಲ್ 2025, ಬುಧವಾರ

ಶ್ರೀರಾಮನ ತಂದೆಯವರಿಗೆ ಇಂದಿರ ಮಾಡುವ ನಮಸ್ಕಾರಗಳು.

ಮೇಲೆ ಬರೆದ ಊರಿನ ಹೆಸರು ಕೈತಪ್ಪಿ ಬಿದ್ದದ್ದಲ್ಲ. ನಾನು ನಾಗಮಂಗಲದ ತಂಗಿಯ ಮನೆಗೆ ಹೋಗಲಿಲ್ಲ. ಸೋಮವಾರ ನಿಮಗೆ ಹಾಗೆ ಹೇಳಿ ಹೊರಟು, ಪಾಂಡವಪುರದ ಬಸ್ಸು ಹತ್ತಿದೆ. ಮೊನ್ನೆಯಿಂದ ಬೀಗರ ಮನೆಯಲ್ಲಿದ್ದೇನೆ. ಸೊಸೆಯ ತವರಿನಲ್ಲಿ ಅತ್ತೆ ಬಂದು ಕೂರುವುದು ಚೆನ್ನಾಗಿ ಕಾಣುವುದಿಲ್ಲ ಎಂದು ನನಗೂ ಗೊತ್ತು. ಫೋನು ಮಾಡೋಣವೆಂದರೆ ನೀವು ಅರ್ಧದಲ್ಲೇ ಮಾತು ಕಸಿದುಕೊಳ್ಳುತ್ತೀರಿ, ನಾನು ಸುಮ್ಮನಾಗಿಬಿಡುತ್ತೇನೆ. ಕಾಗದವಾದರೆ ಕೊನೆಯವರೆಗೂ ನಾನೇ ಮಾತಾಡಬಹುದು.

ನಿಮ್ಮ ರಕ್ತದೊತ್ತಡದ ಮಾತ್ರೆ ಪಂಚಾಂಗದ ಪಕ್ಕದ ಡಬ್ಬಿಯಲ್ಲಿದೆ. ದೇವಸ್ಥಾನದಿಂದ ಬಂದ ಮೇಲೆ ಅನ್ನ, ತೊವ್ವೆ ನೀವೇ ಮಾಡಿಕೊಳ್ಳುತ್ತಿದ್ದೀರಿ ಎಂದು ಶ್ರೀರಾಮ್ ಹೇಳಿದ. ಒಂದು ಪಾವು ಅಕ್ಕಿ ನಿಮಗೊಬ್ಬರಿಗೆ ಜಾಸ್ತಿ, ಅರ್ಧ ಪಾವು ಸಾಕು.

ಈಗ ವಿಷಯಕ್ಕೆ ಬರುತ್ತೇನೆ.

ಯುಗಾದಿಗೆ ತಂಗಿಯ ಮನೆಯವರು ಆರು ಜನ ಬರುತ್ತಾರೆಂದು ಅಡುಗೆ ಮಾಡಿದ್ದೆ. ಎಲೆ ಹಾಕುವ ಹೊತ್ತಿಗೆ ಫೋನು ಬಂತು, ಮಗುವಿಗೆ ಜ್ವರ, ಬರುವುದಿಲ್ಲ ಎಂದು. ಸಂಜೆ ನೋಡಿದರೆ ದೊಡ್ಡ ಬೋಗುಣಿ ತುಂಬ ಹೂರಣ, ತಪ್ಪಲೆಯಲ್ಲಿ ಅನ್ನ, ಕೋಸಂಬರಿ, ಹುರುಳಿಕಾಯಿ ಪಲ್ಯ, ಹತ್ತಿಪ್ಪತ್ತು ಆಂಬೊಡೆ. ಅಷ್ಟನ್ನೂ ಹಸುವಿಗೆ ಹಾಕಿಬಿಡು ಎಂದು ನೀವು ಮಲಗಲು ಹೋದಿರಿ.

ನಾನು ಹಾಕಲಿಲ್ಲ. ಮರುದಿನ ಬೆಳಿಗ್ಗೆ ಅನ್ನವನ್ನು ನುಣ್ಣಗೆ ಹಿಸುಕಿ, ಅಕ್ಕಿಹಿಟ್ಟು ಸೇರಿಸಿ, ಪಲ್ಯ ಮತ್ತು ಕೋಸಂಬರಿಯನ್ನು ಅದಕ್ಕೇ ಕಲಸಿ ರೊಟ್ಟಿ ತಟ್ಟಿದೆ. ಆಂಬೊಡೆ ಮುರಿದು ಮಜ್ಜಿಗೆಹುಳಿಗೆ ಹಾಕಿದೆ. ಹೂರಣವನ್ನು ನಿಂಬೆಗಾತ್ರ ಉಂಡೆ ಮಾಡಿ, ಅಕ್ಕಿ ಉದ್ದಿನ ಹಿಟ್ಟಿನಲ್ಲಿ ಅದ್ದಿ ಸುಕ್ಕಿನುಂಡೆ ಕರಿದೆ. ಪ್ರಜ್ಞ ಪಕ್ಕದಲ್ಲಿ ನಿಂತು ಉಂಡೆ ಕಟ್ಟಿಕೊಟ್ಟಳು. ಇಷ್ಟು ಬೇಗ ಇಷ್ಟೊಂದು ತಿಂಡಿಯಾಯಿತೇ ಎಂದು ಅವಳಿಗೆ ಖುಷಿ. ಮಾವನಿಗೆ ಹೇಳಬೇಡ ಎಂದು ಅವಳನ್ನು ಮೊದಲೇ ಎಚ್ಚರಿಸಬೇಕಿತ್ತು. ಮದುವೆಯಾಗಿ ಎಂಟು ತಿಂಗಳ ಹುಡುಗಿಯ ಹತ್ತಿರ, ಈ ಮನೆಯಲ್ಲಿ ನಾನು ಇಂಥದ್ದನ್ನು ಮುಚ್ಚಿಟ್ಟು ಬದುಕಿದ್ದೇನೆ ಎನ್ನಲು ನಾಚಿಕೆಯಾಯಿತು.

ನೀವು ಎರಡು ರೊಟ್ಟಿ ತಿಂದು ನಾಲ್ಕನೆಯ ಸುಕ್ಕಿನುಂಡೆಗೆ ಕೈ ಹಾಕಿದಿರಿ. "ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದು ಬೇಳೆ ಬೇಯಿಸಿದ್ರಮ್ಮ?" ಎಂದು ಪ್ರಜ್ಞಳನ್ನು ಕೇಳಿದಿರಿ. ಅವಳು ನಗುತ್ತಲೇ, "ಬೇಯಿಸೋದೇನೂ ಇರ್ಲಿಲ್ಲ ಮಾವ, ನೆನ್ನೆ ಹೂರಣ ಉಳಿದಿತ್ತಲ್ಲ, ಅದೇ" ಎಂದಳು.

ನಿಮ್ಮ ಕೈ ಎಲೆಯ ಮೇಲೆ ನಿಂತಿತು. "ಯಾರು ಮಾಡಿದ್ದು?" ಎಂದಿರಿ.

ಪ್ರಜ್ಞ ತಿರುಗಿ ನನ್ನನ್ನು ನೋಡಿದಳು. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತೋ ನನಗೆ ತಿಳಿಯದು. ಅವಳಿಗೆ ತಿಳಿಯಿತು. "ನಾನೇ ಮಾವ. ಅತ್ತೆಗೆ ಗೊತ್ತಿಲ್ಲ" ಎಂದುಬಿಟ್ಟಳು.

ಆಮೇಲೆ ನೀವು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ನಲವತ್ತು ವರ್ಷದಿಂದ ಈ ಮನೇಲಿ ನನ್ನ ಎಲೆಗೆ ತಂಗಳು ಬಿದ್ದಿರ್ಲಿಲ್ಲ. ನೀನು ಬಂದು ಎಂಟು ತಿಂಗಳಿಗೆ ಅದೂ ಆಯ್ತು. ನಿಮ್ಮನೆ ಪದ್ಧತಿ ನಿಮ್ಮನೇಲಿಟ್ಕೋ" ಎಂದಿರಿ. ಉಳಿದ ಸುಕ್ಕಿನುಂಡೆಯನ್ನೆಲ್ಲ ನೀವೇ ಎತ್ತಿ ಕಲಗಚ್ಚಿನ ಬಕೆಟ್ಟಿಗೆ ಸುರಿದು, ಹೊಳೆಗೆ ಹೋಗಿ ಮುಳುಗಿ, ಜನಿವಾರ ಬದಲಿಸಿ ಬಂದಿರಿ. ಮಾರ್ಚ್ ಕೊನೆಯ ದಿನವೆಂದು ಶ್ರೀರಾಮ್ ಹೊತ್ತಿಗೆ ಮುಂಚೆಯೇ ಕೆ.ಆರ್.ಪೇಟೆಯ ಬ್ಯಾಂಕಿಗೆ ಹೋಗಿದ್ದ. ಮನೆಯಲ್ಲಿದ್ದದ್ದು ನಾವು ಮೂವರೇ. ನಿಜ ಗೊತ್ತಿದ್ದವಳು ನಾನು, ನಾನು ಬಾಯಿ ಬಿಡಲಿಲ್ಲ.

ಸಂಜೆ ಹಾಲಿನ ಪುಟ್ಟಸ್ವಾಮಿ ಬಕೆಟ್ಟು ಎತ್ತಿಕೊಳ್ಳುವಾಗ, "ಯಾಕ್ರವ್ವಾ, ಇಷ್ಟ್ ಚೆಂದಾಗ್ ಕರ್ದಿರೋದ್ನ ಕಲಗಚ್ಗೆ ಸುರ್ದ್ಬುಟ್ಟಿದ್ದೀರಿ? ಹಸಾ ಏನ್ ಕಂಡದೆ ಇದ್ರ ರುಚಿಯ? ನನ್ ಕೈಗ್ ಕೊಟ್ಟಿದ್ರೆ ಮನೇಲಿ ಐಕ್ಳು ತಿಂದ್ಕತಿದ್ವು" ಎಂದ.

ಮರುದಿನದಿಂದ ಪ್ರಜ್ಞ ಮುಟ್ಟಿದ ಅಡುಗೆ ನಿಮಗೆ ಬೇಡವಾಯಿತು. ನಾಲ್ಕನೆಯ ದಿನ ಅವಳು ಬ್ಯಾಗು ಹಿಡಿದು, "ಅಮ್ಮನ್ನ ನೋಡ್ಕೊಂಡ್ ಬರ್ತೀನಿ ಅತ್ತೆ" ಎಂದು ಹೊರಟಳು. ಯಾವಾಗ ಬರುತ್ತೀಯೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಶ್ರೀರಾಮ್ ಎರಡು ಸಲ ಬಂದು ಕರೆದರೂ ಬರಲಿಲ್ಲ. ರಾಮನವಮಿಯ ಪಾನಕಕ್ಕೆ ಏಲಕ್ಕಿ ಕುಟ್ಟುತ್ತಾ ಕೂತಾಗ, ಅವಳು ಬರದಿದ್ದರೆ ಈ ಮನೆ ಏನಾಗುತ್ತದೆ ಎಂದು ಯೋಚಿಸಿ ಹೆದರಿದೆ. ಮಾರನೆಯ ದಿನವೇ ಬಸ್ಸು ಹತ್ತಿದೆ.

ನೀವು ತಂಗಳು ತಿಂದದ್ದು ಅದೇ ಮೊದಲಲ್ಲ. ನಲವತ್ತು ವರ್ಷದಿಂದ ತಿನ್ನುತ್ತಿದ್ದೀರಿ. ಗೌರಿಹಬ್ಬದ ಮರುದಿನ ನೀವು ಕೇಳಿ ಮಾಡಿಸಿಕೊಳ್ಳುವ ಒಗ್ಗರಣೆ ಕಡುಬು ಹಿಂದಿನ ದಿನದ್ದು. ಸಂಕ್ರಾಂತಿ ಆದ ಮೇಲಿನ ಖಾರದ ವಡೆ ಉಳಿದ ಪೊಂಗಲಿನದು. ನಮ್ಮನೆ ರೊಟ್ಟಿಯಷ್ಟು ಮೃದು ಎಲ್ಲೂ ಆಗುವುದಿಲ್ಲ ಎಂದು ದೇವಸ್ಥಾನದಲ್ಲಿ ಎಲ್ಲರೆದುರು ಹೇಳುತ್ತೀರಲ್ಲ, ಅದು ಮೃದುವಾಗುವುದೇ ಹಿಂದಿನ ದಿನದ ಅನ್ನ ಸೇರಿಸುವುದರಿಂದ.

ಇದನ್ನು ನನಗೆ ಕಲಿಸಿದ್ದು ನಿಮ್ಮ ತಾಯಿ.

ನಾನು ಮನೆ ತುಂಬಿದ ವರ್ಷ ಹಬ್ಬ ಆದ ಮೇಲೆ ಮೂರು ದಿನ ನಿಮಗೂ ನಿಮ್ಮ ತಂದೆಗೂ ಬಿಸಿ ಅಡುಗೆ, ಅತ್ತೆಗೂ ನನಗೂ ಅಡುಗೆಮನೆಯಲ್ಲಿ ಕೂತು ಉಳಿದದ್ದು. ದಿನಕ್ಕೆ ಎರಡು ಸಲ ನಿಮಗೆ ಬೇರೆ ಅಡುಗೆ, ಅದರ ಮೇಲೆ ನಮ್ಮ ತಪ್ಪಲೆ ಖಾಲಿಯಾಗುತ್ತಲೇ ಇರಲಿಲ್ಲ. ಆಗ ಮನೆಯಲ್ಲಿ ಫ್ರಿಜ್ಜು ಎಲ್ಲಿತ್ತು? ದೀಪಾವಳಿ ಆದ ಮೂರನೆಯ ದಿನ ನನಗೆ ಹೊಟ್ಟೆ ಕೆಟ್ಟು, ಒಂದು ವಾರ ಮೇಲೇಳಲಿಲ್ಲ. ಪಿತ್ತ ಎಂದು ನೀವು ಕಷಾಯ ತಂದುಕೊಟ್ಟಿರಿ. ಅತ್ತೆಗೆ ಮಾತ್ರ ಕಾರಣ ಗೊತ್ತಿತ್ತು. ಬೀದಿಗೆಲ್ಲ ಮಡಿಗೆ ಹೆಸರಾದ ಹೆಂಗಸು, ಮುಂದಿನ ಹಬ್ಬದ ಮರುದಿನ ಬೆಳಗ್ಗೆಯೇ ಉಳಿದ ಅನ್ನವನ್ನು ಮುಂದಿಟ್ಟುಕೊಂಡು ರೊಟ್ಟಿ ತಟ್ಟಿದರು. "ಎಲ್ಲರೂ ಒಂದೇ ತಿನ್ನೋಣ, ಒಂದೇ ದಿನಕ್ಕೆ ಮುಗೀಲಿ. ಅವರಿಬ್ಬರಿಗೂ ಹೇಳ್ಬೇಡ. ಕೇಳಿದ್ರೆ ನಾನು ಮಾಡಿದ್ದು ಅನ್ನು" ಎಂದರು. ಮೊದಲ ರೊಟ್ಟಿ ನಿಮ್ಮ ತಂದೆಗೆ, ಎರಡನೆಯದು ನಿಮಗೆ. ಅತ್ತೆ ತೀರಿಕೊಂಡ ಮೇಲೂ ನಾನು ಹಾಗೇ ಮಾಡುತ್ತಾ ಬಂದೆ. ಅದರಿಂದ ನಿಮಗೆ ಒಂದು ದಿನವೂ ಹೊಟ್ಟೆ ನೋಯಲಿಲ್ಲ, ದೇವರ ಪೂಜೆಯೂ ನಿಲ್ಲಲಿಲ್ಲ.

ಅತ್ತೆ ನನಗಾಗಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು ಸಿದ್ಧರಿದ್ದರು. ನನ್ನ ಸೊಸೆಯ ಸರದಿ ಬಂದಾಗ ಅವಳೇ ನನ್ನನ್ನು ಕಾಪಾಡಬೇಕಾಯಿತು. ನಿಮ್ಮ ಭಯಕ್ಕೆ ಸುಮ್ಮನಿದ್ದೆ. ಈ ಮಾತನ್ನು ನಾನು ನಿಮಗೆ ಎಂದೂ ಹೇಳಿಲ್ಲ, ನೀವು ಎಂದೂ ಕೈ ಎತ್ತಿದವರಲ್ಲ, ಆದರೂ ಭಯ ಇತ್ತು.

ಇಲ್ಲಿ ಬಂದ ದಿನವೇ ಬೀಗಿತ್ತಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಮಗಳು ತಮಗೂ "ನಾನೇ ಮಾಡಿದ್ದು" ಎಂದೇ ಹೇಳಿದ್ದಳಂತೆ. ಪ್ರಜ್ಞ ನನ್ನ ಪಕ್ಕದಲ್ಲಿ ಬಂದು ಕೂತು, "ಮಾವನಿಗೆ ಹೇಳ್ಲೇಬೇಕಾ ಅತ್ತೆ? ನಾನು ಹೇಗೋ ಸುಧಾರಿಸ್ಕೋತೀನಿ" ಎಂದಳು. ಬೇಡಮ್ಮ, ನಾನು ಸುಧಾರಿಸಿಕೊಂಡದ್ದು ಸಾಕು ಎಂದೆ.

ನೀವು ಇಲ್ಲಿಗೆ ಬನ್ನಿ. ಅವಳು ತಪ್ಪು ಮಾಡಿಲ್ಲ ಎಂದು ಅವಳ ತಂದೆತಾಯಿಯ ಎದುರು ಹೇಳಿ ಕರೆದುಕೊಂಡು ಹೋಗಿ. ನನ್ನನ್ನು ಏನನ್ನಬೇಕೋ ಮನೆಗೆ ಹೋದ ಮೇಲೆ ಅನ್ನಿ, ಕೇಳುತ್ತೇನೆ. ಆದರೆ ಇನ್ನು ಮುಂದೆ ಉಳಿದದ್ದನ್ನು ಬಚ್ಚಿಟ್ಟು ಬಡಿಸುವುದಿಲ್ಲ. ಇದು ನಿನ್ನೆಯದು ಎಂದು ಹೇಳಿಯೇ ಎಲೆಗೆ ಹಾಕುತ್ತೇನೆ. ಬೇಡವಾದರೆ ನಾವು ಮೂವರು ತಿನ್ನುತ್ತೇವೆ.

ಇಂತಿ,
ಇಂದಿರ

ತಾ.ಕ. ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ನಿನ್ನೆ ಅಂಚೆ ಕಚೇರಿಗೆ ರಜೆ, ಕಾಗದ ಹಾಕಲಾಗಲಿಲ್ಲ. ಇವತ್ತು ಹಾಕೋಣವೆಂದು ಹೊರಟರೆ ನೀವೇ ಬಂದಿರಿ. ಚೀಲದಲ್ಲಿ ಹಣ್ಣು, ಹೂವು ತಂದಿದ್ದೀರಿ. ನನ್ನನ್ನು ಇಲ್ಲಿ ಕಂಡು, ನಾನೂ ಸೊಸೆಯನ್ನು ಕರೆಯಲೆಂದೇ ನಾಗಮಂಗಲದಿಂದ ಬಂದಿದ್ದೇನೆ ಎಂದುಕೊಂಡಿರಿ. ಕೂತವರೇ ಪ್ರಜ್ಞಳಿಗೆ, "ತಿಳೀದೆ ಮಾಡಿದೆ, ಹೋಗ್ಲಿ ಬಿಡು ಮಗು. ನಾನು ಮನಸ್ಸಿನಲ್ಲಿಟ್ಕೊಂಡಿಲ್ಲ, ಹೊರಡು" ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಅಂದಿರಿ, ನನಗೆ ಗೊತ್ತು. ಅವಳು ತಲೆ ತಗ್ಗಿಸಿ ಬ್ಯಾಗು ತರಲು ಒಳಗೆ ಬಂದಳು. ಬ್ಯಾಗನ್ನು ಅವಳ ಕೈಯಿಂದ ಕೆಳಗಿಡಿಸಿದ್ದೇನೆ. ನೀವೀಗ ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದೀರಿ. ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ, ಓದಿ ಮುಗಿಸುವವರೆಗೂ ನಿಮ್ಮ ಎದುರಿಗೇ ನಿಂತಿರುತ್ತೇನೆ.